ಆರಿಫ್ ಕಟ್ಟಿದ ಕೊನೆಯ ಗಾಳ

ತಮ್ಮ ಆರಿಫ್‌ಗೆ ಸಲಾಮ್.

ನೀನು ತೀರಿಕೊಂಡ ಮೇಲೆ ನಿನ್ನ ಮಗಳು ಐಮನ್ ಇವತ್ತೇ ಮೊದಲು ನಿನ್ನ ದೋಣಿ ಇಳಿಸಿದಳು. ನೀನು ಎಷ್ಟು ಕರೆದರೂ ಶಿರಸಿ ಬಿಟ್ಟು ಬರದವನು, ನಾನೂ ಹತ್ತಿದೆ. ಮಳೆಗಾಲ ಮುಗಿದು ಅಘನಾಶಿನಿ ಅಳಿವೆಯ ಉಪ್ಪುನೀರು ತಿಳಿಯಾಗಿತ್ತು. ಹುಂಜದ ಗರಿ ಸುತ್ತಿ ನೀನು ಕಟ್ಟಿದ್ದ ಗಾಳಗಳಲ್ಲಿ ಉಳಿದದ್ದು ಒಂದೇ. ಅವಳು ಅದನ್ನೇ ತೆಗೆದಳು.

"ಬೇಡ ಬೇಟಿ, ಅದು ಇರಲಿ."

"ಡಬ್ಬಿಯಲ್ಲಿಟ್ರೆ ಮೀನು ಬರ್ತದಾ ಬಡೇ ಅಬ್ಬಾ? ತಲೆ ತಗ್ಗಿಸಿ, ಇಲ್ಲಾಂದ್ರೆ ನಿಮ್ಮ ಗಡ್ಡವೇ ಸಿಕ್ಕಿಬೀಳ್ತದೆ!"

ತಲೆಯ ಮೇಲಿಂದ ದಾರ ತಿರುಗಿಸಿ ಬೀಸಿದಳು. ದೊಡ್ಡ ಮೀನೊಂದು ಕಚ್ಚಿ, ದಾರ ಹರಿದು, ಗಾಳದ ಸಮೇತ ಹೋಯಿತು. ಅವಳು ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡಳು.

"ಇನ್ನು ಹೋಗೋಣ" ಎಂದು ಮತ್ತೆ ಮತ್ತೆ ಕರೆದಳು. ಆ ಮೀನು ಒಮ್ಮೆ ಮೇಲೆ ಬಂದೀತೆಂದು ನಾನು ಆಚೆ ಈಚೆ ನೀರು ನೋಡುತ್ತಲೇ ಇದ್ದೆ.