ಬೆಳಗಿಟ್ಟ ಮೊಳೆಗಳು

ಅತ್ತೆ,

ನಿಮ್ಮ ಮಗನ ಮಣ್ಣಿಗೆ ಬಂದ ನೆಂಟರೆಲ್ಲ ನಿನ್ನೆ ಹೋದರು. ಇವತ್ತು ಮನೆಯಲ್ಲಿ ನಾವಿಬ್ಬರೇ. ನೀವು ಮಲಗಿದ್ದಿರಿ, ಎಬ್ಬಿಸಲಿಲ್ಲ. ಚಹಾ ಒಲೆಯ ಮೇಲಿದೆ.

ಚಹಾಕ್ಕೆ ಶಾಲೆಯ ನಲ್ಲಿಯಿಂದ ನೀರು ತಂದೆ. ಅವರು ಮಾಡಿಟ್ಟ ಸೋಸುವ ಮಣ್ಣಿನ ಕೊಡದ ನೀರನ್ನು ಸದ್ಯಕ್ಕೆ ಕುಡಿಯಬೇಡಿ. ಅದರೊಳಗಿನ ತುಕ್ಕು ಹಿಡಿದ ಮೊಳೆಗಳನ್ನು ನೀವು ಹುಣಸೆಹಣ್ಣು ಹಚ್ಚಿ ತಿಕ್ಕಿ, ದೇವರ ಸಾಮಾನಿನಂತೆ ಬೆಳಗಿಟ್ಟಿದ್ದೀರಿ. "ಬೀಗರು ನೋಡಿದ್ರ ಏನಂದಾರು?" ಎಂದು ಮೊನ್ನೆ ಅವಸರ ಮಾಡುತ್ತಿದ್ದದ್ದು ಇದಕ್ಕೇ ಎಂದು ಈಗ ತಿಳಿಯಿತು. ನಮ್ಮ ಅಪ್ಪ ಅಮ್ಮ ಕೊಡದೊಳಗೆ ಇಣುಕಲೇ ಇಲ್ಲ.

ಅತ್ತೆ, ನಮ್ಮ ಬೋರಿನ ನೀರಿನಲ್ಲಿರುವ ಆರ್ಸೆನಿಕ್ ವಿಷವನ್ನು ಹಿಡಿಯುವುದೇ ಆ ತುಕ್ಕು. ತುಕ್ಕು ಹಿಡಿಯಲೆಂದೇ ಅವರು ಹೊಸ ಮೊಳೆ ತಂದು ವಾರಗಟ್ಟಲೆ ಕಾದಿದ್ದರು. ಕೆಳಗೆ ಹಾಕಿದ್ದ ಇದ್ದಿಲೂ ಬಚ್ಚಲ ಒಲೆಗೆ ಹೋಗಿದೆ. ಬೀಗರು ಮಿಂದದ್ದು ಅದರಿಂದ ಕಾದ ಬಿಸಿನೀರಿನಲ್ಲೇ.

ಮೊಳೆಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಹಿತ್ತಲಲ್ಲಿಟ್ಟಿದ್ದೇನೆ. ದಿನಾ ನೀರು ಚಿಮುಕಿಸಿ. ಒರೆಸಬೇಡಿ. ತುಕ್ಕು ಬಂದ ಮೇಲೆ ಹೊಸ ಇದ್ದಿಲು ಹಾಕಿ, ನೀರು ಪರೀಕ್ಷೆ ಮಾಡಿಸಿಯೇ ಕುಡಿಯೋಣ.

ಕೊಡಕ್ಕೆ ತೂತು ಕೊರೆಯಲು ಅವರು ನೂರ್ ಅಹ್ಮದ್ ಚಾಚಾರ ಡ್ರಿಲ್ ತಂದಿದ್ದರಲ್ಲ, "ನಾಳೆ ಕೊಡ್ತೀನ್ರಿ" ಎಂದು. ಮಣ್ಣಿಗೆ ಬಂದಾಗ ಚಾಚಾ ಅದನ್ನು ನೋಡಿದರೂ ಕೇಳಲಿಲ್ಲ. ಕೊಟ್ಟು ಬರಲು ಬನವಾಸಿ ಪೇಟೆಗೆ ಹೊರಟಿದ್ದೇನೆ. ಅದರ ಮೊನೆಯಲ್ಲಿ, ಅವರು ಕೊರೆದಾಗ ಅಂಟಿದ ನಮ್ಮ ಕೊಡದ ಕೆಂಪು ಪುಡಿ ಇನ್ನೂ ಇದೆ. ನೀವು ಎದ್ದರೆ ತೊಳೆದುಬಿಡುತ್ತೀರಿ ಎಂದು ಬೇಗ ಹೊರಟೆ.

ಪ್ರತಿಭಾ