ಅಪ್ಪನ ಹಾಡು ಇವತ್ತೇ ಆಗಲಿ

ಜಿತೇಶ,

ನಾನು ಸಿದ್ಧಕಟ್ಟೆಗೆ ಚಿಕ್ಕಮ್ಮನ ಮನೆಗೆ ಹೋಗುತ್ತೇನೆ, ಸಂಜೆ ಬರುತ್ತೇನೆ. ನನ್ನ ಮುಖ ನೋಡಿದರೆ ಅಪ್ಪನಿಗೆ ಹಾಡಲು ಆಗುವುದಿಲ್ಲ. ನಾಳೆ ಆಪರೇಷನ್‌ನಲ್ಲಿ ಧ್ವನಿಪೆಟ್ಟಿಗೆ ತೆಗೆದ ಮೇಲೆ ಮತ್ತೆ ಹಾಡುವುದೆಲ್ಲಿ? ವಿಸ್ಮಿತಕ್ಕನ ಮದುವೆಯ ಮೆಹಂದಿಗೆ ತಾನೇ ಹಾಡುತ್ತೇನೆಂದು ಮಾತು ಕೊಟ್ಟಿದ್ದಾರೆ. ಇವತ್ತೇ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿಸು.

ಕರೋಕೆ ಅವರಿಗೆ ಇಯರ್‌ಫೋನಿನಲ್ಲೇ ಕೇಳಲಿ. ಮೊನ್ನೆ ನೀನು ಸ್ಪೀಕರಿನಲ್ಲಿ ಹಾಕಿದ್ದರಿಂದ ಅವರ ಸ್ವರ ಸಂಗೀತದಡಿ ಮುಳುಗಿಹೋಯಿತು. ಫ್ಯಾನ್ ನಿಲ್ಲಿಸು. ಶ್ರುತಿ ಸ್ವಲ್ಪ ಇಳಿಸು, ಆದರೆ ಇಳಿಸಿದ್ದೆಂದು ಹೇಳಬೇಡ. "ನನಗೇನು ಮುದುಕರ ಶ್ರುತಿಯಾ ಮಾರಾಯ?" ಎಂದು ಎದ್ದು ಹೋಗುತ್ತಾರೆ.

ನಡುವೆ ಕೆಮ್ಮಿದರೆ ಅವಸರ ಮಾಡಬೇಡ, ಫ್ಲಾಸ್ಕಿನಲ್ಲಿ ಬಿಸಿನೀರು ಉಂಟು. ಆಮೇಲೆ ಕೂತು ಆ ಕೆಮ್ಮನ್ನು ಅಳಿಸುವುದು, ಎಕೋ ಹಾಕಿ ಚಂದ ಮಾಡುವುದು ಎಲ್ಲ ಬೇಡ. ಅಕ್ಕನಿಗೆ ಅದು ಅಪ್ಪನ ಸ್ವರವೆಂದು ಗುರುತು ಸಿಗಬೇಕು.

ಹಾಡು ಮುಗಿದ ಕೂಡಲೇ ರೆಕಾರ್ಡಿಂಗ್ ನಿಲ್ಲಿಸಬೇಡ. ನಾನು ಮನೆಯಲ್ಲಿಲ್ಲವೆಂದು ಮರೆತು ಅವರು ಅಡುಗೆಮನೆ ಕಡೆ ತಿರುಗಿ "ಚಿತ್ರಾ, ಚಾ ಉಂಟಾ?" ಎಂದು ಕೂಗುತ್ತಾರೆ. ಅದನ್ನು ಬೇರೆಯಾಗಿ ತೆಗೆದಿಡು, ನನಗೆ ಬೇಕು.

ಅಮ್ಮ