ಊರಿನ ಗುರುತಿನವರು

ಸಿಟಿವೆಸ್ಟ್, ಡಬ್ಲಿನ್
ಶನಿವಾರ, ೨೩ ಜನವರಿ ೨೦೨೧

ಪ್ರೀತಿಯ ಅಣ್ಣನಿಗೆ,

ಆ ಹೆಂಗಸಿಗೆ ನಾಚಿಕೆ ಅನ್ನುವುದೇ ಇಲ್ಲ, ಅದನ್ನೇ ನಾನು ನಿನ್ನೆಯಿಂದ ನಿನಗೆ ಹೇಳುತ್ತಿರುವುದು. ನಿನ್ನೆ ಅಂದರೆ ಕಾಗದದಲ್ಲಿ ಅಲ್ಲ, ಮನಸ್ಸಿನಲ್ಲಿ. ಇಲ್ಲಿ ಲಾಕ್‌ಡೌನ್ ಆದ ಮೇಲೆ ಬೆಳಗಿನ ಕಾಫಿ ಕುಡಿಯುತ್ತಾ ನಿನ್ನ ಜೊತೆ ಒಂದಷ್ಟು ಮಾತಾಡುವುದು ನನಗೆ ರೂಢಿಯಾಗಿಬಿಟ್ಟಿದೆ. ನೀನು ಉತ್ತರ ಕೊಡುವುದಿಲ್ಲ. ಎದುರಿಗಿದ್ದಾಗಲೂ ಈಚೆಗೆ ಕೊಡುತ್ತಿರಲಿಲ್ಲ, ಹಾಗಾಗಿ ಅಂಥ ವ್ಯತ್ಯಾಸವೇನೂ ಕಾಣುವುದಿಲ್ಲ. ಇರಲಿ, ಮೊದಲು ನಿನ್ನ ಆರೋಗ್ಯ ಹೇಗಿದೆ ತಿಳಿಸು. ಮಂಡಿ ನೋವು ಇಳಿಯಿತೇ? ಈ ಚಳಿಯಲ್ಲಿ ಅಂಗಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಪಂಕ್ಚರ್ ಹಾಕಬೇಡ, ಒಂದು ಸ್ಟೂಲು ಎಳೆದುಕೊ. ಅತ್ತಿಗೆಯ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ? ತಿಪಟೂರಿನಲ್ಲಿ ಕೊರೊನಾ ಕಡಿಮೆಯಾಗಿದೆ ಎಂದು ಕೇಳಿದೆ, ಹಾಗಂತ ಮಾಸ್ಕನ್ನು ಗದ್ದಕ್ಕೆ ಹಾಕಿಕೊಂಡು ತಿರುಗಬೇಡ. ನಾನು ಗುಂಡುಕಲ್ಲಿನಂತಿದ್ದೇನೆ. ನಾಗಮಣಿ ನನ್ನನ್ನು ಒಂಟಿ ಮಾಡಿ ಹೋದ ಮೇಲೆ ಮನಸ್ಸಿಗೆ ಬದಲಾವಣೆ ಇರಲಿ ಎಂದು ಮಗಳು ಶರ್ಮಿಳಾ ಮೂರು ತಿಂಗಳಿಗೆ ಕರೆಸಿಕೊಂಡಳು, ಆ ಮೂರು ತಿಂಗಳು ಒಂದು ವರ್ಷವಾಗಿದೆ. ಮನೆಯಿಂದ ಐದು ಕಿಲೋಮೀಟರು ದಾಟುವ ಹಾಗಿಲ್ಲ. ಮೂವತ್ತೊಂದು ವರ್ಷ ದಿನಕ್ಕೆ ಇನ್ನೂರೈವತ್ತು ಕಿಲೋಮೀಟರು ಓಡಾಡಿದವನಿಗೆ ಐದು!

ಇನ್ನೊಂದು ಮಾತು. ಶರ್ಮಿಳಾಳ ಮದುವೆಯಾಗಿ ಆರು ವರ್ಷವಾಯಿತು, ಆರು ವರ್ಷದಿಂದಲೂ ನೀನು ನನ್ನ ಜೊತೆ ಮಾತು ಬಿಟ್ಟಿದ್ದೀಯೆ. ನಾಗಮಣಿ ತೀರಿಕೊಂಡಾಗ ಬಂದೆ, ಹೆಗಲು ಕೊಟ್ಟೆ, ಒಂದೂ ಮಾತಾಡದೆ ಬಸ್ಸು ಹತ್ತಿದೆ. ಭಾನುವಾರ ಭಾನುವಾರ ಫೋನ್ ಮಾಡಿದರೆ ಅತ್ತಿಗೆ ಎತ್ತಿ "ಅವ್ರು ಅಂಗಡೀಲವ್ರೆ ಕಣಪ್ಪ" ಅನ್ನುತ್ತಾರೆ, ಹಿಂದಿನಿಂದ ನಿನ್ನ ಕೆಮ್ಮು ಕೇಳಿಸುತ್ತದೆ. ಕೋಪ ಯಾತಕ್ಕೆ ಎಂದು ನಾನು ಕೇಳಿಲ್ಲ, ನೀನು ಹೇಳಿಲ್ಲ. ಈ ಕಾಗದಕ್ಕೆ ಒಂದೇ ಒಂದು ಸಾಲು ಉತ್ತರ ಬಂದರೆ ಸಾಕು ಎಂದುಕೊಂಡು ಬರೆಯಲು ಕೂತಿದ್ದೇನೆ.

ಹ್ಞಾಂ, ಆ ಹೆಂಗಸು. ಟೀವಿಯವಳು. ಇಂಗ್ಲೆಂಡಿನವರು ಹಿಂದೆ ಯಾವಾಗಲೋ ತೆಗೆದ ಹಾಸ್ಯ ಧಾರಾವಾಹಿ, ಸಂಜೆ ಹೊತ್ತು ಮತ್ತೆ ಹಾಕುತ್ತಿದ್ದಾರೆ. ಕ್ರಿಸ್‌ಮಸ್‌ನಿಂದ ನಾನು, ಶರ್ಮಿಳಾ, ಅಳಿಯ ಶಶಾಂಕ್ ಮೂವರೂ ಒಂದು ದಿನ ತಪ್ಪದೆ ನೋಡುತ್ತಿದ್ದೆವು. ಅವಳು ತಳ್ಳುಗಾಡಿಯಲ್ಲಿ ಮೀನು ಮಾರುವವನ ಮಗಳು. ಗಂಡನಿಗೆ ಬ್ಯಾಂಕಿನಲ್ಲಿ ಬಡ್ತಿ ಸಿಕ್ಕಿ ದೊಡ್ಡವರ ಬೀದಿಗೆ ಮನೆ ಬದಲಾಯಿಸಿದ್ದೇ ತಡ, ಅಪ್ಪನದು ಸಮುದ್ರ ವ್ಯಾಪಾರ, ಹಡಗಿನ ವ್ಯವಹಾರ ಎಂದು ಬೀದಿಗೆಲ್ಲ ಹೇಳಿಕೊಂಡು ಬರುತ್ತಾಳೆ. ಬಿ.ಎ.ಯಲ್ಲಿ ನಮಗೆ ಇಂಗ್ಲಿಷ್ ಹೇಳುತ್ತಿದ್ದ ವೆಂಕಟೇಶಮೂರ್ತಿ ಮೇಷ್ಟ್ರು ಇಂಥವರಿಗೆ ಒಂದು ಡೆಫಿನಿಷನ್ ಬರೆಸಿದ್ದರು. "ಎ ಸ್ನಾಬ್ ಈಸ್ ಎ ಪರ್ಸನ್ ಹೂ" ಅಂತ ಶುರುವಾಗುತ್ತಿತ್ತು. ಮುಂದಿನದು ಪರೀಕ್ಷೆಯಲ್ಲೂ ನೆನಪಾಗಲಿಲ್ಲ, ಈಗಲೂ ಇಲ್ಲ. ಆ ಪೇಪರಿನಲ್ಲಿ ಏನಾಯಿತು ಎಂಬುದು ನಿನಗೆ ಗೊತ್ತೇ ಇದೆ.

ಮೊದಲ ಎರಡು ವಾರ ನಾನೂ ಬಿದ್ದು ಬಿದ್ದು ನಕ್ಕೆ. ಬುಧವಾರದ ಕಂತಿನಲ್ಲಿ ಏನು ಮಾಡಿದಳು ಗೊತ್ತೇ? ಬೀದಿಯ ದೊಡ್ಡ ಮನುಷ್ಯರನ್ನೆಲ್ಲ ಚಹಾಕ್ಕೆ ಕರೆದಿದ್ದಾಳೆ. ಅದೇ ಹೊತ್ತಿಗೆ ಅಪ್ಪ ಬಂದ, ಒಳ್ಳೆಯ ಮೀನು ಆರಿಸಿ ಪೇಪರಿನಲ್ಲಿ ಸುತ್ತಿಕೊಂಡು. ಹಿಂಬಾಗಿಲಿನಿಂದ ಒಳಗೆ ಕರೆದು ಅಡುಗೆಮನೆಯಲ್ಲಿ ಕೂರಿಸಿದಳು. ಯಾರೋ ವಯಸ್ಸಾದವರನ್ನು ಕಂಡಂತಾಯಿತಲ್ಲ ಎಂದು ಅತಿಥಿ ಕೇಳಿದರೆ, ನಲ್ಲಿ ರಿಪೇರಿಯವನು ಎಂದುಬಿಟ್ಟಳು. ಆ ಮುದುಕನಿಗೆ ಅದು ಕೇಳಿಸಿತು. ಎದ್ದು ನಲ್ಲಿ ತಿರುಗಿಸಿ ನೋಡಿ, ಸರಿಯಾಗಿದೆ ಎಂಬಂತೆ ತಲೆಯಾಡಿಸಿ ಹೊರಟುಹೋದ. ಟೀವಿಯಲ್ಲಿ ಡಬ್ಬಿಯಲ್ಲಿ ತುಂಬಿಟ್ಟಂಥ ನಗು ಹೋ ಎಂದಿತು. ನನ್ನ ಮೈ ಉರಿದುಹೋಯಿತು. ಪಕ್ಕಕ್ಕೆ ತಿರುಗಿದರೆ ಶರ್ಮಿಳಾ ಕಣ್ಣೀರು ಒರೆಸಿಕೊಳ್ಳುತ್ತಾ ನಗುತ್ತಿದ್ದಾಳೆ.

ಮರುದಿನವೇ ಇದು ನಮ್ಮ ಅಂಗಳಕ್ಕೆ ಬಂತು. ಪಕ್ಕದ ಮನೆಯಲ್ಲಿ ಕ್ಯಾಥರಿನ್ ಅಂತ ಇದ್ದಾರೆ, ಇಲ್ಲಿನವರೇ, ಎಪ್ಪತ್ತೈದು ದಾಟಿದೆ, ನನ್ನ ಹಾಗೇ ಒಂಟಿ ಜೀವ. ಏನು ಕೇಳಿದರೂ "ಗ್ರ್ಯಾಂಡ್", ಅಂದರೆ ಚೆನ್ನಾಗಿದೆ, ಎನ್ನುತ್ತಾರೆ, ಸೊಂಟ ಹಿಡಿದುಕೊಂಡಿದ್ದರೂ ಗ್ರ್ಯಾಂಡೇ. ಬಿಸಿಲು ಬಂದ ದಿನ ಅವರು ಅವರ ಅಂಗಳದಲ್ಲಿ, ನಾನು ನಮ್ಮ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಮೋಟುಗೋಡೆಯ ಆಚೀಚೆ ಮಾತಾಡುತ್ತೇವೆ. ನನ್ನ ಇಂಗ್ಲಿಷು ಅವರಿಗೆ ಅರ್ಧ, ಅವರದು ನನಗೆ ಅರ್ಧ. ಗುರುವಾರ ಅವರು ಒಳಗಿನಿಂದ ಒಂದು ಚರ್ಮದ ಚೀಲ ತಂದು ತೋರಿಸಿದರು. ಗಂಡನದಂತೆ. ಇದೇ ಡಬ್ಲಿನ್‌ನಲ್ಲಿ ಬಸ್ ಕಂಡಕ್ಟರ್ ಆಗಿದ್ದರಂತೆ, ಸತ್ತು ಹನ್ನೊಂದು ವರ್ಷವಾದರೂ ಚೀಲಕ್ಕೆ ಪಾಲಿಷ್ ಹಾಕಿಡುತ್ತಾರಂತೆ. ಅಣ್ಣಾ, ಆ ಚೀಲ ಕಂಡ ಕೂಡಲೇ ನನ್ನ ಎಡಗೈ ಬೆರಳು ತಾವಾಗಿಯೇ ಮಡಚಿಕೊಂಡವು, ಸಂದಿಯಲ್ಲಿ ನೋಟು ಸಿಕ್ಕಿಸಿಕೊಳ್ಳುವ ಹಾಗೆ. ಹೋಲ್ಡಾನ್ ಎಂದು ಕೂಗಿಬಿಡುತ್ತಿದ್ದೆನೇನೋ. ಅಷ್ಟರಲ್ಲಿ ಕ್ಯಾಥರಿನ್ ಕೇಳಿದರು, ನೀವು ಸಾರಿಗೆ ಇಲಾಖೆಯಲ್ಲಿ ದೊಡ್ಡ ಆಫೀಸರ್ ಆಗಿದ್ದಿರಂತೆ, ಮಗಳು ಹೇಳಿದಳು, ನಿಮಗೂ ಬಸ್ಸಿನಲ್ಲಿ ಓಡಾಡುವ ಕೆಲಸ ಇರುತ್ತಿತ್ತೇ ಎಂದು. ಬಾಗಿಲಲ್ಲಿ ಶರ್ಮಿಳಾ ನಿಂತಿದ್ದಳು. ನಾನು ಏನೆಂದೆ ಗೊತ್ತೇ? "ಸಮ್‌ಟೈಮ್ಸ್. ಫಾರ್ ಇನ್‌ಸ್ಪೆಕ್ಷನ್."

ಒಳಗೆ ಬಂದವನೇ ಕೂಗಾಡಿದೆ. ನನ್ನ ಖಾಕಿ ಬಟ್ಟೆಯಲ್ಲಿ ಯಾವ ಕೊಳೆ ಕಂಡಿತ್ತು ನಿನಗೆ, ಹೆಗಲಿಗೆ ಕಂಡಕ್ಟರ್ ಚೀಲ ಹಾಕಿಕೊಂಡೇ ನಿನ್ನನ್ನು ಇಂಜಿನಿಯರ್ ಮಾಡಿದ್ದು, ಬುಧವಾರ ನೀನು ಯಾರನ್ನು ನೋಡಿ ನಕ್ಕೆ ಯೋಚನೆ ಮಾಡು ಎಂದೆ. ಅವಳು ಮೊದಲು ಅತ್ತಳು. "ಅಪ್ಪಾ, ನಿಮ್ಮನ್ನ ಯಾರೂ ಕೀಳಾಗಿ ನೋಡ್ಬಾರ್ದು ಅಂತ ಹಾಗಂದೆ. ಬಂದ ಹೊಸದ್ರಲ್ಲಿ ನಮ್ಮನ್ನ ಇಲ್ಲಿ ಹೇಗ್ ನೋಡ್ತಿದ್ರು ನಿಮ್ಗೇನ್ ಗೊತ್ತು?" ಎಂದಳು. ಶಶಾಂಕ್ ಆಫೀಸಿನ ಫೋನು ಬಂದಂತೆ ಮಾಡಿ ಮಹಡಿ ಹತ್ತಿದ. ನಾನು ಬಿಡಲಿಲ್ಲ, ಹೆತ್ತವರನ್ನು ಮರೆಮಾಚುವುದನ್ನು ಯಾರಿಂದ ಕಲಿತೆ ಎಂದು ಕೇಳಿದೆ. ಆಗ ಅವಳು ಕಣ್ಣೊರೆಸಿಕೊಂಡು ಒಂದು ಮಾತು ಹೇಳಿದಳು. ಅದನ್ನು ಇಲ್ಲಿ ಬರೆಯುವುದು ಬೇಡ. ಆ ಮಾತಿನ ಮೇಲೆ ನಾನು ಕೂಗಾಡುವುದನ್ನು ನಿಲ್ಲಿಸಿದೆ, ಅಷ್ಟೆ. ಎರಡು ದಿನದಿಂದ ಟೀವಿ ಹಾಕಿಲ್ಲ. ನಿನ್ನೆ ನನ್ನ ಊಟದ ತಟ್ಟೆಯ ಪಕ್ಕ ಕೇಳದೆಯೇ ಕರಿದ ಹಪ್ಪಳ ಇಟ್ಟಿದ್ದಳು. ಕೆಟ್ಟ ಹುಡುಗಿಯಲ್ಲ ಅಣ್ಣಾ ಅವಳು. ಆದರೂ ಆ ಟೀವಿ ಹೆಂಗಸು ಮಾತ್ರ, ಏನೇ ಹೇಳು, ನಲ್ಲಿಯವನು ಎನ್ನಬಹುದಾಗಿತ್ತೇ? ಬೇರೆ ಒಂದು ಮಾತೂ ಸಿಗಲಿಲ್ಲವೇ ಅವಳಿಗೆ?

ಅಕ್ಷರ ಮಸುಕಾಗುತ್ತಿವೆ. ತಲೆಯೆತ್ತಿ ನೋಡಿದರೆ ಎದುರು ಮನೆಗಳ ಹೆಂಚಿನ ಮೇಲಿನ ಬೆಳಕು ಹೋಗಿದೆ, ಗಂಟೆ ಇನ್ನೂ ಐದು. ಇಲ್ಲಿಗೇ ನಿಲ್ಲಿಸುತ್ತೇನೆ. ಅತ್ತಿಗೆಗೆ ನನ್ನ ನಮಸ್ಕಾರ ಹೇಳು, ಸಿಹಿ ಮುಟ್ಟಕೂಡದೆಂದು ಗದರಿಸು. ನಿನ್ನ ಕಾಲು ಮುಟ್ಟಿ ನಮಸ್ಕರಿಸುತ್ತೇನೆ.

ನಿನ್ನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು ಕಾಲೇಜಿಗೆ ಹೋದ ತಮ್ಮ,
ಶ್ರೀಕಂಠ

ವಿ.ಸೂ.: ನಿನ್ನೆ ಲಕೋಟೆ ಅಂಟಿಸಲು ಮನಸ್ಸು ಬರಲಿಲ್ಲ. ಶರ್ಮಿಳಾ ಹೇಳಿದ್ದು ಇದು: "ನನ್ ಮದುವೇಲಿ ದೊಡ್ಡಪ್ಪನ್ನ ಯಾರು ಅಂತ ಹೇಳಿದ್ರಿ ನೀವು? ನಾನು ಪಕ್ಕದಲ್ಲೇ ನಿಂತಿದ್ದೆ." ನೀನು ಹಿತ್ತಾಳೆ ದೀಪಗಳನ್ನು ಹಿಡಿದುಕೊಂಡು ನನ್ನ ಹಿಂದೆಯೇ ಬಂದು ನಿಂತಿದ್ದೆ. ಬೀಗರು ನಿನ್ನ ಉಗುರಿನ ಕಪ್ಪು ನೋಡಿ, ಇವರು ಯಾರು ಎಂದು ಕೇಳಿದರು. ನಾನು "ನಮ್ಮೂರಿನವರು, ಗುರುತಿನವರು" ಎಂದೆ. ಧಾರೆಯ ಹೊತ್ತಿಗೆ ದೀಪಗಳಿದ್ದವು, ನೀನಿರಲಿಲ್ಲ. ಕೋಪ ಯಾತಕ್ಕೆ ಎಂದು ಕೇಳಿಲ್ಲ ಅಂತ ಮೇಲೆ ಬರೆದೆನಲ್ಲ, ಗೊತ್ತಿದ್ದರಿಂದಲೇ ಕೇಳಲಿಲ್ಲ. ಇವತ್ತು ಬೆಳಗ್ಗೆ ಬೀಗರಾದ ಸತ್ಯಪ್ರಕಾಶರಿಗೆ ಫೋನ್ ಮಾಡಿ, ಆವತ್ತು ನೀವು ಕೇಳಿದವರು ನನ್ನ ಒಡಹುಟ್ಟಿದ ಅಣ್ಣ, ನನ್ನನ್ನು ಓದಿಸಿದವನು ಎಂದೆ. ಅವರು "ಆವತ್ತೇ ಗೊತ್ತಾಯ್ತು ಸ್ವಾಮಿ, ಮುಖ ಒಂದೇ ಥರ ಇತ್ತಲ್ಲ" ಎಂದರು. ಕ್ಯಾಥರಿನ್‌ಗೆ ನಾಳೆ ಹೇಳುತ್ತೇನೆ, ಅದು ಸುಲಭ. ಈ ಕಾಗದ ಮುಟ್ಟಿದ ಮೇಲಿನ ಭಾನುವಾರ ಫೋನು ನೀನೇ ಎತ್ತು. ಬೈಯುವುದಿದ್ದರೆ ಬೈ, ಅತ್ತಿಗೆಯ ಕೈಗೆ ಮಾತ್ರ ಕೊಡಬೇಡ.